ಸಂಘ ಟ್ರಸ್ಟ್ ಆದರೆ ಸದಸ್ಯರು ಎಲ್ಲಿಗೆ ಹೋಗಬೇಕು?

ನಮ್ಮ ಸಮಾಜದ ಸಂಘವನ್ನು ವಿಸರ್ಜಿಸಿ, ಕಲ್ಯಾಣ ಮಂಟಪ ಮತ್ತು ವಿದ್ಯಾರ್ಥಿನಿಲಯ ಸೇರಿದಂತೆ ಆಸ್ತಿಯನ್ನೆಲ್ಲ ಹೊಸ ದತ್ತಿ ಟ್ರಸ್ಟ್‌ಗೆ ಬಿಟ್ಟುಕೊಡುವ ವಿಷಯ ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿದೆ. ನಾನು ವಿರೋಧಿಸುತ್ತೇನೆ. ಹಿರಿಯರಿಗೆ ಬೇಸರವಾದೀತು. ಆದರೆ ಸಭೆಯಲ್ಲಿ ಮೈಕ್ ನನ್ನ ಕೈವರೆಗೆ ಬರುವ ನಂಬಿಕೆ ಇಲ್ಲದ್ದರಿಂದ ಇಲ್ಲೇ ಬರೆಯುತ್ತಿದ್ದೇನೆ.

ಟ್ರಸ್ಟ್ ಬೇಕೆನ್ನುವವರು ಮುಂದಿಡುವ ಮೊದಲ ಕಾರಣ ಸಂಘದ ಚುನಾವಣೆಯ ಜಗಳ. ಅದೇನೂ ಸುಳ್ಳಲ್ಲ. ಗುಂಪುಗಾರಿಕೆ, ತಡೆಯಾಜ್ಞೆ, ಕೊನೆಗೆ ಸರ್ಕಾರದ ಆಡಳಿತಾಧಿಕಾರಿ ಬಂದು ಕೂರುವುದು, ಇದನ್ನೆಲ್ಲ ರಾಜ್ಯದ ದೊಡ್ಡ ಸಂಘಗಳೂ ಕಂಡಿವೆ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ಆಡಳಿತಾಧಿಕಾರಿಯ ಕೈಗೆ ಹೋಗಿತ್ತು. ಆದರೆ 2021ರಲ್ಲಿ ಚುನಾವಣೆ ನಡೆದು ಸದಸ್ಯರು ಆರಿಸಿದವರ ಕೈಗೇ ಮರಳಿತು. ಮರಳಲು ದಾರಿಯೊಂದು ಇತ್ತಲ್ಲ, ನನ್ನ ತಕರಾರು ಆ ದಾರಿಯ ಬಗ್ಗೆಯೇ.

ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತ ಸಂಘ. ವರ್ಷಕ್ಕೊಮ್ಮೆ ಸಭೆ ಕರೆಯಬೇಕು, ಲೆಕ್ಕ ಒಪ್ಪಿಸಬೇಕು. ಸದಸ್ಯರಲ್ಲಿ ಮೂರನೇ ಒಂದು ಭಾಗ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು ಎನ್ನುತ್ತದೆ ಅದರ 25ನೇ ಕಲಂ. ಟ್ರಸ್ಟ್‌ನಲ್ಲಿ ಹೀಗೆ ಮತ ಹಾಕುವ ಸದಸ್ಯರೇ ಇರುವುದಿಲ್ಲ. ಟ್ರಸ್ಟಿಗಳಿರುತ್ತಾರೆ, ಉಳಿದವರು ಫಲಾನುಭವಿಗಳು. ನೆರೆಯ ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್‌ಗಳ ಮೇಲೆ ಕಣ್ಣಿಡಲು 1950ರ ಕಾಯ್ದೆಯಿದೆ, ಚಾರಿಟಿ ಕಮಿಷನರ್ ಇದ್ದಾರೆ. ಇಲ್ಲಿನ ಉಪ ನೋಂದಣಾಧಿಕಾರಿ ಟ್ರಸ್ಟ್ ಪತ್ರವನ್ನು ನೋಂದಾಯಿಸಿಕೊಡುತ್ತಾರೆ, ಆಮೇಲೆ ಟ್ರಸ್ಟ್ ಹೇಗೆ ನಡೆಯುತ್ತಿದೆ ಎಂದು ನೋಡುವುದು ಅವರ ಕೆಲಸವಲ್ಲ. ಟ್ರಸ್ಟಿಗಳು ದಾರಿ ತಪ್ಪಿದರೆ ನಮಗಿರುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ: ಹಿತಾಸಕ್ತಿಯುಳ್ಳ ಇಬ್ಬರಾದರೂ ಸೇರಿ, ಮೊದಲು ನ್ಯಾಯಾಲಯದ ಅನುಮತಿ ಪಡೆದು, ಆಮೇಲೆ ದಾವೆ ಹೂಡಬೇಕು. ಇಂದು ಸಭೆಯಲ್ಲಿ ಎದ್ದು ನಿಂತು "ಮಂಟಪದ ಬಾಡಿಗೆ ಎಷ್ಟು ಬಂತು?" ಎಂದು ಕೇಳುವ ನಿವೃತ್ತ ಮೇಷ್ಟರು ನಾಳೆ ಅದೇ ಪ್ರಶ್ನೆಗೆ ವಕೀಲರನ್ನು ಹಿಡಿಯಬೇಕಾದೀತು.

ಎರಡನೆಯ ಕಾರಣ ತೆರಿಗೆ. ಟ್ರಸ್ಟ್ ಆದರೆ ದಾನಿಗಳಿಗೆ ಕೊಟ್ಟ ದಾನದ ಮೇಲೆ ಆದಾಯ ತೆರಿಗೆ ವಿನಾಯಿತಿ (ಜನ 80ಜಿ ಎನ್ನುವುದು) ಸಿಗುತ್ತದಂತೆ. ಅರ್ಹತೆಯಿದ್ದರೆ ನೋಂದಾಯಿತ ಸಂಘಕ್ಕೂ ಅದು ಸಿಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಅಡ್ಡಿ ಇರುವುದು ನಮ್ಮ ಉದ್ದೇಶಗಳಲ್ಲಿ. ಒಂದೇ ಧಾರ್ಮಿಕ ಸಮುದಾಯದ ಅಥವಾ ಜಾತಿಯ ಹಿತಕ್ಕೆಂದು ಕಟ್ಟಿದ ಸಂಸ್ಥೆಗೆ ಈ ವಿನಾಯಿತಿ ಕೊಡುವುದಿಲ್ಲವೆಂದು ಆದಾಯ ತೆರಿಗೆ ಕಾನೂನೇ ಷರತ್ತು ಹಾಕಿದೆ. ಬೋರ್ಡು ಬದಲಿಸಿದರೆ ಸಾಲದು, ವಿದ್ಯಾರ್ಥಿನಿಲಯದ ಬಾಗಿಲನ್ನು ಪಕ್ಕದ ಬೀದಿಯ ಬೇರೆ ಸಮಾಜದ ಮಕ್ಕಳಿಗೂ ತೆರೆಯಬೇಕು. ತೆರೆಯೋಣ, ಅದಕ್ಕೆ ಮೊದಲು ಕೈ ಎತ್ತುವವನು ನಾನೇ. ಅದಕ್ಕೆ ಸಂಘದ ಉದ್ದೇಶಗಳನ್ನು ತಿದ್ದಿದರೆ ಸಾಕು, ಸಂಘವನ್ನೇ ಮುಚ್ಚಬೇಕಿಲ್ಲ. (ಟ್ರಸ್ಟ್ ಬೇಕೆಂದು ಹಟ ಹಿಡಿದವರಲ್ಲಿ ಕೆಲವರು ಈ ಬಾಗಿಲಿನ ಮಾತು ಬಂದಾಗ ಮೌನವಾಗುವುದನ್ನು ಗಮನಿಸಿದ್ದೇನೆ.)

ಟ್ರಸ್ಟ್ ಎಂಬುದೇ ಕೆಟ್ಟದ್ದು ಎನ್ನುತ್ತಿಲ್ಲ. ವಿದ್ಯಾರ್ಥಿವೇತನದ ನಿಧಿ ಚುನಾವಣೆಯ ಗಾಳಿಗೆ ಸಿಗಬಾರದು, ಅದಕ್ಕೊಂದು ಸಣ್ಣ ಟ್ರಸ್ಟ್ ಇರಲಿ. ಟ್ರಸ್ಟಿಗಳನ್ನು ಸಂಘದ ಸಭೆಯೇ ಮೂರು ವರ್ಷಕ್ಕೆ ನೇಮಿಸಲಿ, ಲೆಕ್ಕ ಪ್ರತಿವರ್ಷ ಸಭೆಯ ಮುಂದೆ ಬರಲಿ. ಮಂಟಪ ಮತ್ತು ನಿವೇಶನ ಸಂಘದ ಹೆಸರಿನಲ್ಲೇ ಉಳಿಯಲಿ.

ಸಭೆಗೆ ಬರುವವರು ಟ್ರಸ್ಟ್ ಪತ್ರದ ಪೂರ್ತಿ ಕರಡನ್ನು ಮೊದಲೇ ಕೇಳಿ ಪಡೆಯಿರಿ. ವಾಟ್ಸಾಪ್‌ನಲ್ಲಿ ಬಂದಿರುವ ಸಾರಾಂಶದಲ್ಲಿ ಟ್ರಸ್ಟಿಗಳ ಅವಧಿ ಎಷ್ಟು, ಒಂದು ಸ್ಥಾನ ತೆರವಾದರೆ ತುಂಬುವವರು ಯಾರು ಎಂಬ ಬಗ್ಗೆ ಒಂದು ಸಾಲೂ ಇಲ್ಲ.