ಮರೆತವರು ಯಾರು ಸ್ವಾಮಿ?

ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಅಡುಗೆಮನೆಯಲ್ಲಿ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ರೀಲ್ಸ್ ಮಾಡುತ್ತಿದ್ದಳು. ಲೋಟದ ಬಿಸಿ ಹಾಲಿಗೆ ಡಿಕಾಕ್ಷನ್ ಬೀಳಬೇಕು, ಅದು ನಿಧಾನವಾಗಿ ಕಲೆಯಬೇಕು. ವಿಷಯ ಅಷ್ಟೇ. ನಾಲ್ಕು ಟೇಕ್ ಆಯಿತು, ನಾಲ್ಕು ಲೋಟ ಕಾಫಿ ಆಯಿತು. ಎರಡು ಲೋಟ ನನ್ನ ಹೊಟ್ಟೆಗೆ ಹೋಯಿತು.

ಆಮೇಲೆ ಅದಕ್ಕೊಂದು ಹಾಡು ಅಂಟಿಸಿ ತಂದು ತೋರಿಸಿದಳು. ಕೇಳಿ ಎದ್ದು ಕೂತೆ. ಹೆವನ್ಲಿ! ಬ್ರಿಟನ್ನಿನ ಆ ಇಂಡೀಪಾಪ್ ಬ್ಯಾಂಡಿನ 1993ರ ಹಾಡು ‘ಪಿ.ಯು.ಎನ್.ಕೆ. ಗರ್ಲ್’!

‘ಮಾಮ, ಇದೊಂದು ಮರೆತುಹೋದ ಬ್ಯಾಂಡು. ನಾನೇ ಕಂಡುಹಿಡಿದೆ’ ಅಂದಳು.

ನನ್ನ ಪರಿಚಯದವರಿಗೆ ಗೊತ್ತಲ್ಲ, ಈ ವಿಷಯದಲ್ಲಿ ನನಗೆ ತಲೆ ನೆಟ್ಟಗಿಲ್ಲ. ‘ಮರೆತಿದ್ದು ಯಾರೇ?’ ಅಂತ ಶುರು ಮಾಡಿದವನು ಊಟದ ತನಕ ನಿಲ್ಲಿಸಲಿಲ್ಲ. ಅಕ್ಕ ಒಳಗಿಂದ ‘ಅವನನ್ನ ಯಾಕೆ ಕೆಣಕಿದೆ’ ಅಂತ ಮಗಳನ್ನೇ ಬೈದಳು. ಅಲ್ಲಿ ಅರ್ಧಕ್ಕೆ ನಿಂತಿದ್ದನ್ನು ಇಲ್ಲಿ ಮುಗಿಸುತ್ತೇನೆ. ಬೇಡದವರು ಸ್ಕ್ರೋಲ್ ಮಾಡಿ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇಂಡೀಪಾಪ್ ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಬ್ರಿಟನ್ನಿನ ಹುಡುಗ ಹುಡುಗಿಯರು ಮಾಡಿಕೊಂಡ ಹಾಡು. ಎರಡೂವರೆ ಮೂರು ನಿಮಿಷ. ಬಳೆ ಸದ್ದಿನಂಥ ಗಿಟಾರ್. ಪಕ್ಕದ ಮನೆಯವರಿಗೆ ಕೇಳಿಸಬಾರದು ಅನ್ನುವ ಹಾಗೆ ಹಾಡುವ ದನಿ. 1986ರಲ್ಲಿ ಎನ್‌ಎಂಇ ಅನ್ನುವ ಸಂಗೀತ ವಾರಪತ್ರಿಕೆ ಇಂಥ ಸ್ವತಂತ್ರ ಬ್ಯಾಂಡುಗಳ 22 ಹಾಡುಗಳ ಕ್ಯಾಸೆಟ್ ಒಂದನ್ನು ತಂದಿತು, ಹೆಸರು ‘ಸಿ86’. ಮರುವರ್ಷ ಬ್ರಿಸ್ಟಲ್‌ನಲ್ಲಿ ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್ ಅನ್ನುವ ಇಬ್ಬರು ಸಾರಾ ರೆಕಾರ್ಡ್ಸ್ ಅನ್ನುವ ಲೇಬಲ್, ಅಂದರೆ ಹಾಡು ಹೊರತರುವ ಪುಟ್ಟ ಕಂಪನಿ, ಶುರು ಮಾಡಿದರು. ಹೆವನ್ಲಿ ಆ ಮನೆಯ ಕೂಸು.

ಈಗ ಹೇಳಿ, ಹೆವನ್ಲಿಯನ್ನು ಮರೆತವರು ಯಾರು?

ಹಾಡುವಾಕೆ ಅಮೀಲಿಯಾ ಫ್ಲೆಚರ್. ಹೆವನ್ಲಿಗೂ ಮುಂಚೆ ಆಕ್ಸ್‌ಫರ್ಡ್‌ನಲ್ಲಿ ಟಲೂಲಾ ಗಾಶ್ ಅನ್ನುವ ಬ್ಯಾಂಡ್ ಕಟ್ಟಿದ್ದವಳು. ತಮ್ಮ ಮ್ಯಾಥ್ಯೂ ಡ್ರಮ್ಸ್ ಬಾರಿಸುತ್ತಿದ್ದ. 1996ರಲ್ಲಿ ಅವನು ತೀರಿಕೊಂಡ. ಹೆವನ್ಲಿ ಅಲ್ಲಿಗೆ ನಿಂತಿತು. ಉಳಿದವರು ಹಾಡುವುದನ್ನು ನಿಲ್ಲಿಸಲಿಲ್ಲ. ಮೆರೀನ್ ರಿಸರ್ಚ್, ಟೆಂಡರ್ ಟ್ರ್ಯಾಪ್, ಕ್ಯಾಟಿನರಿ ವೈರ್ಸ್ ಅಂತ ಹೆಸರು ಬದಲಾಯಿಸುತ್ತಾ ಹಾಡುತ್ತಲೇ ಇದ್ದರು. ಫ್ಲೆಚರ್ ಮತ್ತು ಬ್ಯಾಂಡಿನ ಇನ್ನೊಬ್ಬ ಸದಸ್ಯ ರಾಬ್ ಪರ್ಸಿ ಸೇರಿ ಸ್ಕೆಪ್ ವ್ಯಾಕ್ಸ್ ಅನ್ನುವ ಸ್ವಂತ ಲೇಬಲ್ ಮಾಡಿ, 2022ರಿಂದ ಹಳೆಯ ಹೆವನ್ಲಿ ಆಲ್ಬಮ್‌ಗಳನ್ನು ಒಂದೊಂದಾಗಿ ಮತ್ತೆ ಅಚ್ಚು ಹಾಕಿಸಿದರು. 2023ರಲ್ಲಿ ಲಂಡನ್ನಿನಲ್ಲಿ ಮತ್ತೆ ವೇದಿಕೆ ಹತ್ತಿದರು. ಇದಕ್ಕೆ ಮರೆತುಹೋಗೋದು ಅಂತಾರಾ? ನಾವು ಆ ಬೀದಿಗೆ ಹೋಗಲಿಲ್ಲ ಅಂದರೆ ಆ ಬೀದಿಯಲ್ಲಿ ಮನೆಯೇ ಇರಲಿಲ್ಲ ಅಂತಲಾ?

ಇನ್ನೊಂದು ಮಜಾ ಕೇಳಿ. ಈ ಫ್ಲೆಚರ್ ವೃತ್ತಿಯಲ್ಲಿ ಅರ್ಥಶಾಸ್ತ್ರಜ್ಞೆ. ಬ್ರಿಟನ್ನಿನಲ್ಲಿ ವ್ಯಾಪಾರದ ಪೈಪೋಟಿ ನ್ಯಾಯವಾಗಿ ನಡೆಯುತ್ತಿದೆಯಾ ಅಂತ ನೋಡಿಕೊಳ್ಳುವ ಸರ್ಕಾರಿ ಕಚೇರಿಯಲ್ಲಿ ಮುಖ್ಯ ಅರ್ಥಶಾಸ್ತ್ರಜ್ಞೆ ಆಗಿದ್ದವರು. ದೈತ್ಯ ಡಿಜಿಟಲ್ ಕಂಪನಿಗಳ ಹಿಡಿತ ಹೇಗೆ ಸಡಿಲಿಸಬೇಕು ಅಂತ 2019ರಲ್ಲಿ ವರದಿ ಕೊಟ್ಟ ತಜ್ಞರ ಸಮಿತಿಯಲ್ಲೂ ಇದ್ದರು. ಈಗ ಅಂಥದೇ ಕಂಪನಿಯ ಆ್ಯಪು ಆಕೆಯ ಹಾಡನ್ನು ಅಕ್ಕನ ಮಗಳ ಕಾಫಿ ಲೋಟಕ್ಕೆ ಅಂಟಿಸಿ, ಮೇಲೆ ‘ಕ್ಯೂಟ್’ ಅಂತ ಚೀಟಿ ಹಚ್ಚಿದೆ.

ಕ್ಯೂಟ್ ಅಂತೆ! ಅದೇ ರೆಕಾರ್ಡಿನಲ್ಲಿ ‘ಹಾರ್ಟ್ಸ್ ಆ್ಯಂಡ್ ಕ್ರಾಸಸ್’ ಅಂತ ಇನ್ನೊಂದು ಹಾಡಿದೆ. ರಾಗ ಜಾತ್ರೆಯ ಬತ್ತಾಸಿನಷ್ಟು ಸಿಹಿ. ಹೇಳುವುದು ಏನು ಗೊತ್ತಾ? ಒಬ್ಬ ಹುಡುಗನನ್ನು ಇಷ್ಟಪಟ್ಟು ಅವನ ಜೊತೆ ಹೋದ ಹುಡುಗಿಯ ಮೇಲೆ ಅವನೇ ನಡೆಸುವ ಅತ್ಯಾಚಾರದ ಕಥೆ. ಸಿಹಿ ಅಂತ ಬಾಯಿಗೆ ಹಾಕಿಕೊಂಡ ಮೇಲೆ ನಾಲಿಗೆ ಕುಯ್ಯುತ್ತದೆ. ಆಗಿನ ಪತ್ರಿಕೆಗಳು ಇವರನ್ನೆಲ್ಲ ಅಳುಬುರುಕರು, ಎಳಸುಗಳು ಅಂತ ಆಡಿಕೊಂಡವು. ಆ್ಯಪು ಕ್ಯೂಟ್ ಅನ್ನುತ್ತದೆ. ಇಬ್ಬರಿಗೂ ಮುಂದಿನ ಹಾಡು ಕೇಳುವ ತಾಳ್ಮೆ ಇಲ್ಲ, ಅಷ್ಟೇ ವ್ಯತ್ಯಾಸ.

ನೀವು ಕೇಳುತ್ತೀರಿ, ಗೊತ್ತು. ‘ಅಲ್ಲಪ್ಪಾ, ಆ ಆ್ಯಪ್ ಇಲ್ಲದಿದ್ದರೆ ಬೆಂಗಳೂರಿನ ಹುಡುಗಿಗೆ ಈ ಹಾಡು ಸಿಗುತ್ತಿತ್ತಾ?’ ಸಿಗುತ್ತಿರಲಿಲ್ಲ, ಒಪ್ಪಿದೆ. ಆದರೆ ಬಸ್ಸು ಹತ್ತಿಸಿ ಮೊದಲ ಸ್ಟಾಪಿನಲ್ಲೇ ಇಳಿಸಿದವನಿಗೆ ಕೈ ಮುಗಿಯಬೇಕಾ? ಒಂದು ಹಾಡಿನ ಹದಿನೈದು ಸೆಕೆಂಡು ಕೊಟ್ಟು, ಹಿಂದೆಯೇ ಬೇರೆ ಯಾರದೋ ಹದಿನೈದು ಸೆಕೆಂಡು ಕೊಟ್ಟರೆ ಅದು ಹುಡುಕಾಟವಲ್ಲ. ಮದುವೆಮನೆಯಲ್ಲಿ ಬಡಿಸುವವನು ಎಲೆಗೆ ಒಂದು ಚಿಟಿಕೆ ಕೋಸಂಬರಿ ಹಾಕಿ ಓಡಿದ ಹಾಗೆ.

ಇನ್ನು ನಾನು ಹೇಗೆ ಹುಡುಕಿದೆ ಅಂತ ಹೇಳುತ್ತೇನೆ. ಜಂಬ ಅಂದುಕೊಳ್ಳಿ, ಪರವಾಗಿಲ್ಲ.

2006. ವಿಜಯನಗರದಲ್ಲಿ ಬಾಡಿಗೆ ರೂಮು. ಇಂಟರ್ನೆಟ್ಟು ರಾತ್ರಿ ಎರಡರಿಂದ ಬೆಳಗ್ಗೆ ಎಂಟರ ತನಕ ಮಾತ್ರ ಅನ್‌ಲಿಮಿಟೆಡ್. ಎರಡಕ್ಕೆ ಅಲಾರಂ ಇಟ್ಟು ಎದ್ದು ಡೌನ್‌ಲೋಡ್‌ಗೆ ಹಾಕಿ ಮಲಗುತ್ತಿದ್ದೆ. ಒಂದು ರಾತ್ರಿ ಫೀಲ್ಡ್ ಮೈಸ್ ಅನ್ನುವ ಬ್ಯಾಂಡಿನ ‘ಎಮ್ಮಾಸ್ ಹೌಸ್’ ಇಳಿಯಿತು. ದಕ್ಷಿಣ ಲಂಡನ್ನಿನ ಹುಡುಗರು, 1988ರ ಹಾಡು. ಹಿಂದೆ ಅಗ್ಗದ ಡ್ರಮ್ ಮಷೀನ್ ಟಿಕ್ ಟಿಕ್ ಅನ್ನುತ್ತದೆ, ಮುಂದೆ ಗಿಟಾರ್ ಮಳೆಗಾಲದ ಸೂರಿನ ನೀರಿನ ಹಾಗೆ ಸುರಿಯುತ್ತದೆ. ಬೆಳಗ್ಗೆ ಆಫೀಸಿಗೆ ಹೋಗಲಿಲ್ಲ. ಜ್ವರ ಅಂತ ಹೇಳಿದೆ.

ಸಾರಾ ರೆಕಾರ್ಡ್ಸ್‌ನವರು ಹೊರತಂದದ್ದಕ್ಕೆಲ್ಲ ಒಂದೊಂದು ನಂಬರು ಕೊಡುತ್ತಿದ್ದರು, ಆ ಹಾಡು ಹನ್ನೆರಡನೇ ನಂಬರು. ಅಂದಮೇಲೆ ಹನ್ನೊಂದು ಏನು, ಹದಿಮೂರು ಏನು? ಒಂದು ನೋಟ್‌ಬುಕ್ ತಂದು ಒಂದರಿಂದ ನೂರರ ತನಕ ಬರೆದುಕೊಂಡೆ. ಸಿಕ್ಕಿದ್ದಕ್ಕೆ ಟಿಕ್ ಹಾಕುತ್ತಾ ಹೋದೆ. ಒಂದನೇದು ಸೀ ಅರ್ಚಿನ್ಸ್. ಕೆಲವು ನಂಬರು ಹಾಡೇ ಅಲ್ಲ, ಅವರೇ ಬರೆದು ಹಂಚಿದ ಪುಟ್ಟ ಪತ್ರಿಕೆಗಳು. ಐವತ್ತನೇದಂತೂ ಎಲ್ಲಿ ತಡಕಿದರೂ ಸಿಗಲಿಲ್ಲ. ಮೂರು ವಾರ ಎರಡು ಗಂಟೆಗೆ ಎದ್ದೆ. ಕೊನೆಗೆ ಗೊತ್ತಾಯಿತು, ಅದು ಹಾಡಲ್ಲ, ಬೋರ್ಡ್ ಗೇಮ್! ನಾವು ಬೇಸಿಗೆ ರಜೆಯಲ್ಲಿ ಆಡುತ್ತಿದ್ದ ‘ಬಿಸಿನೆಸ್’ ಥರದ್ದು. ನಾನು ಮಾತ್ರ ಅದರ ಎಂಪಿ3 ಹುಡುಕುತ್ತಾ ಇದ್ದೆ.

ನೂರನೇದು 1995ರಲ್ಲಿ ಬಂತು. ಬ್ರಿಸ್ಟಲ್ಲಿನ ಒಂದು ಓಣಿಯ ಹೆಸರನ್ನೇ ಅದಕ್ಕೆ ಇಟ್ಟರು. ನೂರಾಯಿತು, ಸಾಕು ಅಂದರು. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಒಂದು ಹಡಗಿನ ಮೇಲೆ ಪಾರ್ಟಿ ಮಾಡಿ ಅಂಗಡಿ ಮುಚ್ಚಿದರು. ದಿವಾಳಿಯಾಗಿ ಅಲ್ಲ, ಬೇಕು ಅಂತಲೇ. ಇಷ್ಟು ಲೆಕ್ಕ ಇಟ್ಟು ಬಾಗಿಲು ಹಾಕಿದವರನ್ನು ‘ಮರೆತುಹೋದವರು’ ಅಂದರೆ ಮೈ ಉರಿಯುವುದಿಲ್ಲವೇ?

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಕೇಳಿದ್ದೆಲ್ಲ ಕದ್ದ ಮಾಲು. ಯಾವನೋ ಪುಣ್ಯಾತ್ಮ ತನ್ನ ಮನೆಯ ರೆಕಾರ್ಡನ್ನು ಎಂಪಿ3 ಮಾಡಿ, ಸೂಜಿಯ ಕರಕರ ಸಮೇತ ಇಂಟರ್ನೆಟ್ಟಿಗೆ ಏರಿಸಿದ್ದ. ಹತ್ತು ವರ್ಷ ಆ ಬ್ಯಾಂಡುಗಳಿಗೆ ನನ್ನಿಂದ ಒಂದು ರೂಪಾಯಿ ಹೋಗಿಲ್ಲ. ಆಮೇಲೆ ಬ್ಯಾಂಡ್‌ಕ್ಯಾಂಪ್ ಅನ್ನುವ ವೆಬ್‌ಸೈಟಿನಲ್ಲಿ ದುಡ್ಡು ಕೊಟ್ಟು ತಗೊಂಡೆ ಅನ್ನಿ. ಆದರೂ ಕಳ್ಳತನ ಕಳ್ಳತನವೇ. ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಇಷ್ಟು ವರ್ಷ ಒಬ್ಬರಿಗೂ ಈ ಹಾಡುಗಳನ್ನು ಕೇಳಿಸಿಲ್ಲ. ಕೇಳಿದವರಿಗೆ ‘ನಿಮಗೆ ಇಷ್ಟ ಆಗಲ್ಲ ಬಿಡಿ’ ಅಂದಿದ್ದೇನೆ. ಹೆವನ್ಲಿ ನನ್ನದು ಅಂದುಕೊಂಡಿದ್ದೆ. ಅದು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬದ ಪಕ್ಕ ಹಾಡಿದಾಗ ಆದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು.

ಹಾಗಂತ ಮೇಲೆ ಬೈದಿದ್ದನ್ನು ವಾಪಸ್ ತಗೊಳ್ಳುವುದಿಲ್ಲ. ಹೊಸ ಬ್ಯಾಂಡು ಸಿಗಬೇಕಾ? ಇಷ್ಟವಾದ ಹಾಡಿನ ಲೇಬಲ್ ಯಾವುದು ನೋಡಿ. ಅದೇ ಲೇಬಲ್ಲಿನ ಇನ್ನೊಂದು ಬ್ಯಾಂಡು ಕೇಳಿ. ಒಳಚೀಟಿಯಲ್ಲಿ ಅವರು ಯಾರಿಗೆ ಥ್ಯಾಂಕ್ಸ್ ಹೇಳಿದ್ದಾರೆ ಓದಿ, ಅವರ ಮನೆ ಬಾಗಿಲು ತಟ್ಟಿ. ನಾನು ಹೀಗೇ ಅಲೆಯುತ್ತಾ ಇಂಡೋನೇಷ್ಯಾಕ್ಕೆ ಹೋಗಿ ಬಿದ್ದೆ. ಬಾಂಡುಂಗ್‌ನ ಮೋಕಾ, ಜಕಾರ್ತಾದ ವೈಟ್ ಶೂಸ್ ಆ್ಯಂಡ್ ದ ಕಪಲ್ಸ್ ಕಂಪನಿ. ಅಬ್ಬಾ, ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ, ಈಗಲೇ ಉದ್ದ ಆಯಿತು.

ರಾತ್ರಿ ಮನೆಗೆ ಬಂದು ಅಟ್ಟ ಹತ್ತಿ ಆ ನೋಟ್‌ಬುಕ್ ತೆಗೆದೆ. ಮೂಲೆಯನ್ನು ಇಲಿ ತಿಂದಿದೆ, ನಂಬರುಗಳು ಹಾಗೇ ಇವೆ. ಬೆಳಗ್ಗೆ ಆಫೀಸಿಗೆ ಹೋಗುವಾಗ ಅಕ್ಕನ ಮಗಳಿಗೆ ಕೊಟ್ಟು ಬಂದೆ. ‘ಒಂದರಿಂದ ಶುರು ಮಾಡು, ಐವತ್ತನ್ನ ಮಾತ್ರ ಹುಡುಕಬೇಡ’ ಅಂದೆ.

ಈಗಷ್ಟೇ ಒಂದು ಪುಟದ ಫೋಟೊ ವಾಟ್ಸ್ಆ್ಯಪ್ ಮಾಡಿದ್ದಾಳೆ. ಮಧ್ಯಾಹ್ನದೊಳಗೆ ಇಪ್ಪತ್ತರ ತನಕ ಕೇಳಿ ಮುಗಿಸಿದ್ದಾಳೆ. ಪ್ರತಿಯೊಂದರ ಪಕ್ಕ ಮಾರ್ಕ್ಸ್ ಬೇರೆ. ಹನ್ನೆರಡನೇ ನಂಬರಿನ ಮುಂದೆ ‘ನಿದ್ದೆ ಬರುತ್ತೆ’ ಅಂತ ಬರೆದಿದ್ದಾಳೆ.

ಅದೂ ಕೆಂಪು ಪೆನ್ನಿನಲ್ಲಿ.