ಠಾಣೆಯ ‘ಠ’, ಘಾಟ್ಕೋಪರದ ‘ಘ’

ಮುಂಬಯಿಯ ಕನ್ನಡ ಬೇಸಿಗೆ ಶಿಬಿರಗಳ ಬಗ್ಗೆ ನನಗೊಂದು ತಕರಾರಿದೆ. ಮೇ ತಿಂಗಳಲ್ಲಿ ಅಂಥ ಶಿಬಿರದಲ್ಲಿ ಪಾಠ ಮಾಡುವವಳೇ ಹೇಳುತ್ತಿರುವುದರಿಂದ ಇದನ್ನು ಹೊರಗಿನವರ ಕೊಂಕು ಎಂದು ಯಾರೂ ತಳ್ಳಿಹಾಕಬೇಕಿಲ್ಲ. ಮಕ್ಕಳಿಗೆ ಓದಲು ಕಲಿಸಬೇಕಾದ ಹೊತ್ತನ್ನು ನಾವು ಅವರನ್ನು ವೇದಿಕೆ ಹತ್ತಿಸುವುದಕ್ಕೆ ಸುರಿಯುತ್ತಿದ್ದೇವೆ.

ನನ್ನ ದಿನ ಡೊಂಬಿವಲಿಯಲ್ಲಿ ಶುರುವಾಗುತ್ತದೆ. ರಜೆ ಶಾಲೆಗಳಿಗೆ ಮಾತ್ರ, ಲೋಕಲ್ ರೈಲಿನ ಲೇಡೀಸ್ ಡಬ್ಬಕ್ಕೆ ರಜೆಯಿಲ್ಲ. ಮಾಟುಂಗದಲ್ಲಿ ಇಳಿದು ಸಭಾಂಗಣ ಸೇರುವಷ್ಟರಲ್ಲಿ ಸೀರೆ ಬೆನ್ನಿಗೆ ಅಂಟಿರುತ್ತದೆ. ಹತ್ತು ಗಂಟೆಗೆ ಮಕ್ಕಳು ಬರುತ್ತಾರೆ. ಹೆಚ್ಚಿನವರ ಮನೆಯಲ್ಲಿ ತುಳು, ಕೆಲವರಲ್ಲಿ ಕೊಂಕಣಿ, ಕೆಲವರಲ್ಲಿ ಕುಂದಾಪುರದ ಕನ್ನಡ. ಕಟ್ಟಡದ ಕೆಳಗೆ ಕ್ರಿಕೆಟ್ ಆಡುವಾಗ ಹಿಂದಿ, ತರಗತಿಯಲ್ಲಿ ಇಂಗ್ಲಿಷ್. ಮರಾಠಿಯಂತೂ ಇದ್ದೇ ಇದೆ. 2020ರ ಕಾನೂನಿನ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಅದನ್ನು ಕಲಿಸಲೇಬೇಕು. ಇಷ್ಟು ಭಾಷೆಗಳನ್ನು ಹೊತ್ತುಕೊಂಡು ಬಂದ ಹನ್ನೊಂದು ವರ್ಷದ ಹುಡುಗಿಯ ಕೈಗೆ ನಾವು ಏನು ಕೊಡುತ್ತೇವೆ? ಕರ್ನಾಟಕದ ಒಂದನೇ ತರಗತಿಯ ಮಕ್ಕಳಿಗಾಗಿ ಬರೆದ, ಅ ಎಂದರೆ ಅರಸ, ಆ ಎಂದರೆ ಆನೆ ಎನ್ನುವ ಪುಸ್ತಕ. ಅವಳು ಆನೆಯ ಚಿತ್ರ ನೋಡಿ ಆಕಳಿಸುತ್ತಾಳೆ. ಅವಳ ತಪ್ಪೇನೂ ಇಲ್ಲ.

ಈ ಮಕ್ಕಳಿಗೆ ವರ್ಣಮಾಲೆ ಬರುತ್ತದೆ, ಬರದಿರುವುದು ಅಕ್ಷರಗಳ ಆಕಾರ ಮಾತ್ರ. ದೇವನಾಗರಿಯೂ ಕನ್ನಡ ಲಿಪಿಯೂ ಬ್ರಾಹ್ಮಿಯಿಂದ ಬಂದವು. ಕ ಖ ಗ ಘ ಙ ಎನ್ನುವ ಸಾಲು ಎರಡರಲ್ಲೂ ಒಂದೇ. ಹಿಂದಿ ಪಾಠದಲ್ಲಿ ಕಾಣದ ‘ಳ’ ಕೂಡ ಮರಾಠಿಯಲ್ಲಿದೆ. ಹಾಗಾಗಿ ನಾನು ಆನೆಯನ್ನು ಬದಿಗಿಟ್ಟು ಸೆಂಟ್ರಲ್ ರೈಲ್ವೆಯ ನಿಲ್ದಾಣಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ. ಎಡಗಡೆ ಮರಾಠಿಯಲ್ಲಿ, ಬಲಗಡೆ ಕನ್ನಡದಲ್ಲಿ. ದಿವಾ, ದಾದರ್ ಮೊದಲು. ನಂತರ ಠಾಣೆ, ಘಾಟ್ಕೋಪರ್, ಭಾಂಡುಪ್. ಕರ್ನಾಟಕದಲ್ಲಿ ಮಹಾಪ್ರಾಣ ತಿದ್ದಿ ತಿದ್ದಿ ಸೋತ ಮೇಷ್ಟರುಗಳು ಇಲ್ಲಿ ಬಂದು ನೋಡಬೇಕು. ದಿನವೂ ನಿಲ್ದಾಣದ ಇಂಡಿಕೇಟರ್ ಫಲಕ ನೋಡಿ ಓಡುವ ಮಕ್ಕಳಿಗೆ ಠ, ಘ, ಭ ಒಂದು ಲೆಕ್ಕವೇ ಅಲ್ಲ. ಕಳವಾ, ವಿಕ್ರೋಳಿ ಬಂದಾಗ ಳಕಾರ ಮುಗಿಯಿತು.

ಒತ್ತಕ್ಷರದಲ್ಲಿ ಮಾತ್ರ ನಿಂತು ಹೇಳಬೇಕು. ಕಲ್ಯಾಣ್ ಎಂದು ಬರೆಯುವಾಗ ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಸೊರಗುತ್ತದೆ, ನಮ್ಮಲ್ಲಿ ಮೊದಲನೆಯದು ಪೂರ್ತಿ ಉಳಿದು ಎರಡನೆಯದು ಕೆಳಗೆ ಇಳಿಯುತ್ತದೆ. ಕುರ್ಲಾ ಇನ್ನೂ ಸ್ವಾರಸ್ಯ. ಮರಾಠಿಯಲ್ಲಿ ರಕಾರ ಅಕ್ಷರದ ತಲೆಯ ಮೇಲೆ ಕೂರುತ್ತದೆ, ಕನ್ನಡದಲ್ಲಿ ಮುಂದಿನ ಅಕ್ಷರದ ಬಲಕ್ಕೆ ಹೋಗಿ ಅರ್ಕಾವತ್ತಾಗುತ್ತದೆ. ‘ಟೀಚರ್, ಇಲ್ಲಿ ಅದಕ್ಕೆ ವಿಂಡೋ ಸೀಟು ಸಿಗಲಿಲ್ಲ, ಬಾಗಿಲಲ್ಲಿ ನೇತಾಡುತ್ತಿದೆ’ ಎಂದು ಒಬ್ಬ ಹುಡುಗ ಹೇಳಿದ. ಇದಕ್ಕಿಂತ ಚೆನ್ನಾಗಿ ನನಗೂ ವಿವರಿಸಲು ಬರುವುದಿಲ್ಲ.

ನಿಜವಾದ ತೊಡಕು ಇರುವುದು ಹ್ರಸ್ವ ಎ ಮತ್ತು ಒ ಸ್ವರಗಳಲ್ಲಿ. ಮರಾಠಿ ಬರಹದಲ್ಲಿ ಅವಕ್ಕೆ ಬೇರೆ ಅಕ್ಷರವಿಲ್ಲದ ಕಾರಣ ನಮ್ಮ ಮಕ್ಕಳು ಬೆಳೆಯನ್ನೂ ಬೇಳೆ ಎಂದೇ ಓದುತ್ತಾರೆ, ಕೊಡು ಎನ್ನುವುದು ಕೋಡು ಆಗುತ್ತದೆ. ಶಿಬಿರದ ಬಹುಪಾಲು ಹೊತ್ತು ಹೋಗಬೇಕಾದದ್ದು ಇಲ್ಲಿಗೆ. ಇದಕ್ಕೆ ದಿನಪತ್ರಿಕೆಗಿಂತ ಒಳ್ಳೆಯ ಪಠ್ಯವಿಲ್ಲ. ಮುಂಬಯಿಯಲ್ಲಿ ‘ಕರ್ನಾಟಕ ಮಲ್ಲ’ ಅಚ್ಚಾಗುತ್ತದೆ, ‘ಉದಯವಾಣಿ’ಯ ಮುಂಬಯಿ ಆವೃತ್ತಿಯೂ ಇದೆ. ತಲೆಬರಹವನ್ನು ಕೂಡಿಸಿ ಕೂಡಿಸಿ ಓದಿ, ಅದು ತನ್ನ ಬಡಾವಣೆಯ ಸುದ್ದಿ ಎಂದು ತಿಳಿದಾಗ ಮಗುವಿನ ಮುಖ ನೋಡಬೇಕು.

ಹಾಗೆ ಮೊದಲು ಓದಿದವನು ಒಬ್ಬ ವಾಚ್‌ಮನ್‌ನ ಮಗ. ವಿಜಯಪುರದ ಕಡೆಯವನು, ನಮ್ಮೆಲ್ಲರಿಗಿಂತ ಗಟ್ಟಿ ಕನ್ನಡ ಮಾತಾಡುತ್ತಾನೆ. ಶಿಬಿರದ ಕರಪತ್ರ ಅವನ ಮನೆಗೆ ಹೋಗಿರಲಿಲ್ಲ, ಶಿಬಿರ ನಡೆಸುವ ಕನ್ನಡ ಸಂಘದ ಸದಸ್ಯರ ಮನೆಗಳಿಗೆ ಮಾತ್ರ ಹೋಗಿತ್ತು. ಅಪ್ಪ ಕೆಲಸ ಮಾಡುವ ಕಟ್ಟಡದ ಮಕ್ಕಳ ಜೊತೆ ಸುಮ್ಮನೆ ಬಂದು ಕೂತಿದ್ದ. ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಎಷ್ಟೋ ಕುಟುಂಬಗಳು ಈ ಊರಿನಲ್ಲಿವೆ, ನಮ್ಮ ಸಂಘಗಳ ಪಟ್ಟಿಯಲ್ಲಿ ಅವು ಇಲ್ಲ. ಇದರ ಬಗ್ಗೆ ಬೇರೆಯೇ ಬರೆಯಬೇಕು, ಬರೆಯುತ್ತೇನೆ.

ಇದೆಲ್ಲ ನಡೆಯುವುದು ಊಟದವರೆಗೆ. ಊಟವಾದ ಮೇಲೆ ಬಾಗಿಲಲ್ಲಿ ನೃತ್ಯ ಕಲಿಸುವವರು ಸ್ಪೀಕರ್ ಹಿಡಿದು ನಿಂತಿರುತ್ತಾರೆ. ಸಮಾರೋಪಕ್ಕೆ ನಾಟಕ ಬೇಕು, ಸಮೂಹ ನೃತ್ಯ ಬೇಕು, ಸ್ವಾಗತಗೀತೆ ಬೇಕು. ಎರಡನೆಯ ವಾರ ಬೆಳಗಿನ ಹೊತ್ತೂ ಅವರ ಪಾಲಾಗುತ್ತದೆ. ಮಕ್ಕಳು ಸಂಭಾಷಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಕನ್ನಡ ಕಲಿಸುವ ಶಿಬಿರದಲ್ಲಿ! ಕೊನೆಯ ದಿನ ಅತಿಥಿಗಳಿಗೆ ಶಾಲು, ಹಾರ, ಫಲತಾಂಬೂಲ. ‘ಮಕ್ಕಳ ಬಾಯಲ್ಲಿ ಕನ್ನಡ ಕೇಳಿ ಕಣ್ಣು ತುಂಬಿತು’ ಎನ್ನುವ ಭಾಷಣ. ಅದೇ ಅತಿಥಿಗಳು ಒಂದು ಮಗುವಿನ ಕೈಗೆ ಆಹ್ವಾನಪತ್ರಿಕೆ ಕೊಟ್ಟು ‘ಓದು ಮಗಾ’ ಎಂದಿದ್ದರೆ ಗುಟ್ಟು ಅಲ್ಲೇ ಬಯಲಾಗುತ್ತಿತ್ತು.

ವೇದಿಕೆಯಿಂದ ಮಕ್ಕಳ ಹೆದರಿಕೆ ಹೋಗುತ್ತದೆ, ಅಜ್ಜಿಯಂದಿರಿಗೆ ಸಂತೋಷವಾಗುತ್ತದೆ, ದಾನಿಗಳು ಬರುತ್ತಾರೆ ಎನ್ನುತ್ತಾರೆ. ಮೂರೂ ನಿಜವೇ. ಆದರೆ ಹಾಡು ಕುಣಿತ ಕಲಿಸಲು ಈ ಊರಿನಲ್ಲಿ ಗಲ್ಲಿಗೊಂದು ತರಗತಿ ಇದೆ. ಕನ್ನಡ ಓದಲು ಕಲಿಸುವ ತರಗತಿ ಎಷ್ಟಿವೆ? ನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ನಮ್ಮವರೇ ಮಕ್ಕಳನ್ನು ಅಲ್ಲಿಗೆ ಕಳಿಸುವುದಿಲ್ಲ. ಹಾಗಿರುವಾಗ ಹೆಚ್ಚಿನ ಮಕ್ಕಳಿಗೆ ಅಕ್ಷರ ಸಿಗುವ ಜಾಗ ಈ ಶಿಬಿರವೊಂದೇ.

ಇನ್ನೊಂದು ಮಾತು ಸಮಯದ್ದು. ಮೇ ತಿಂಗಳಲ್ಲಿ ಶಿಬಿರ ಇಟ್ಟರೆ ಅರ್ಧದಲ್ಲಿ ಮಕ್ಕಳು ಮಾಯವಾಗುತ್ತಾರೆ. ‘ಟೀಚರ್, ಮತ್ಸ್ಯಗಂಧ ರೈಲಿನಲ್ಲಿ ತತ್ಕಾಲ್ ಟಿಕೆಟ್ ಸಿಕ್ಕಿತು, ನಾಳೆ ಊರಿಗೆ ಹೊರಟೆವು’ ಎಂದು ತಾಯಂದಿರ ಸಂದೇಶ ಬರುತ್ತದೆ. ಮಾವು, ಹಲಸು, ಅಜ್ಜಿಮನೆ ಬಿಟ್ಟು ನನ್ನ ಒತ್ತಕ್ಷರಕ್ಕಾಗಿ ನಿಲ್ಲಿ ಎಂದು ಯಾವ ಬಾಯಲ್ಲಿ ಹೇಳಲಿ? ರಾಜ್ಯ ಮಂಡಳಿಯ ಶಾಲೆಗಳು ತೆರೆಯುವುದು ಜೂನ್ ಮಧ್ಯದಲ್ಲಿ. ಜೂನ್ ಮೊದಲ ವಾರಕ್ಕೆ ಎಲ್ಲರೂ ಮರಳಿರುತ್ತಾರೆ. ಆಗ ಇಡಬಹುದು.

ಮುಂದಿನ ವರ್ಷದ ಸಭಾಂಗಣ ಕಾಯ್ದಿರಿಸುವ ಮಾತು ದೀಪಾವಳಿಯ ಹೊತ್ತಿಗೆ ಬರುತ್ತದೆ. ಬೇರೆ ಬೇರೆ ಸಂಘಗಳ ಸಮಿತಿಗಳಲ್ಲಿರುವ ಹತ್ತಾರು ಮಂದಿ ನನ್ನ ಫೇಸ್‌ಬುಕ್ ಪಟ್ಟಿಯಲ್ಲಿದ್ದೀರಿ. ಜೂನ್ ಮೊದಲ ವಾರ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಬರೀ ಓದು ಬರಹ. ಸಮಾರೋಪದ ದಿನ ಪ್ರತಿ ಮಗುವೂ ಆವತ್ತಿನ ಪತ್ರಿಕೆಯಿಂದ ಒಂದು ಸುದ್ದಿ ಓದಲಿ. ಶಾಲು ಹಾರದ ಹಣದಲ್ಲಿ ವಾಚ್‌ಮನ್‌ಗಳ, ಕಟ್ಟಡ ಕೆಲಸದವರ ಮಕ್ಕಳಿಗೆ ಲೋಕಲ್ ಪಾಸ್ ತೆಗೆಸಿಕೊಡಿ. ಇದಕ್ಕೆ ಒಪ್ಪುವ ಸಂಘ ಯಾವುದಿದ್ದರೂ ತಿಳಿಸಿ, ನಿಲ್ದಾಣಗಳ ಪಟ್ಟಿ ಹಿಡಿದುಕೊಂಡು ನಾನು ಬರುತ್ತೇನೆ. ವೆಸ್ಟರ್ನ್ ಲೈನಿನವರಾದರೆ ಹೊಸ ಪಟ್ಟಿ ಮಾಡಿಕೊಳ್ಳಬೇಕು, ಅಷ್ಟೇ.