ಸೋರಿದ ಮನೆ, ಫೋನೆತ್ತದ ಏಜೆಂಟ್

ಬಾಡಿಗೆ ಮನೆ ಬಗ್ಗೆ ನಿಮ್ಮ ಬರಹದಲ್ಲಿ, ಮನೆಗೆ ಆದ ಹಾನಿಗೆಲ್ಲ ಬಿಡುವಾಗ ಬಾಡಿಗೆದಾರರೇ ಹೊಣೆ ಅಂತ ಬರೆದಿದ್ದೀರಿ. ಇದು ಪೂರ್ತಿ ಸರಿಯಲ್ಲ ಸರ್.

ನಾವು ಕಲಬುರಗಿಯ ಸೇಡಂ ರಸ್ತೆ ಕಡೆ ಬಾಡಿಗೆಗೆ ಇದ್ದೆವು. ಏಜೆಂಟ್ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಅಂತ ತಗೊಂಡರು. 2020ರ ಅಕ್ಟೋಬರ್ ಮಳೆ ನೆನಪಿದೆ ಅಲ್ವಾ? ಮಾಳಿಗೆ ಸೋರಿ ಗೋಡೆಯ ಗಿಲಾವು ಉದುರಿತು, ಶಹಾಬಾದ್ ಕಲ್ಲಿನ ನೆಲದ ಮೇಲೆ ನೀರು ನಿಂತಿತು. ಅಮ್ಮನ ಹಾಸಿಗೆಯನ್ನು ರಾತ್ರಿಯೆಲ್ಲ ಮೂಲೆಯಿಂದ ಮೂಲೆಗೆ ಎಳೆದಾಡಿದೆವು. ಏಜೆಂಟ್ 'ಮಾಲೀಕರಿಗೆ ಹೇಳ್ತೀನಿ' ಅಂದವರು ಆಮೇಲೆ ಫೋನೇ ಎತ್ತಲಿಲ್ಲ. ಮಾಲೀಕರಿಗೆ ವಿಷಯ ಮುಟ್ಟಿರಲೇ ಇಲ್ಲ! ಕೊನೆಗೆ ಮನೆ ಬಿಡುವಾಗ ಮಾಲೀಕರು ಅದೇ ಗೋಡೆಗೆ ನಮ್ಮ ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿಯಲು ಬಂದರು.

ಬಾಡಿಗೆದಾರರು ಮನೆಯನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು, ನಿಜ. ಆದರೆ ಸಹಜ ಸವೆತಕ್ಕೆ ಅವರು ಹೊಣೆಯಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೇ ಇದು ಇದೆ. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡದಿದ್ದರೆ, ನಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಅಂತಲೂ ಇದೆ. ಕರಾರಿನಲ್ಲಿ ಬೇರೆ ಷರತ್ತು ಇದ್ದರೆ ಲೆಕ್ಕ ಬದಲಾಗುತ್ತದೆ, ಸಹಿಗೆ ಮುಂಚೆ ಓದಿ.

ನಮ್ಮನ್ನು ಉಳಿಸಿದ್ದು ವಾಟ್ಸಾಪ್‌ನಲ್ಲಿ ಅವತ್ತೇ ಏಜೆಂಟ್‌ಗೆ ಕಳಿಸಿದ ಫೋಟೋಗಳು. ತಾರೀಖು ಸಮೇತ ಮಾಲೀಕರಿಗೆ ತೋರಿಸಿದೆವು, ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟರು. ದಯವಿಟ್ಟು ಏಜೆಂಟನ್ನೇ ನಂಬಿ ಕೂರಬೇಡಿ. ಮಾಲೀಕರ ನಂಬರನ್ನು ಮೊದಲ ದಿನವೇ ಇಸ್ಕೊಳ್ಳಿ.